ಕೊಸರು

ಕಾರವಾರದ ಉಪ್ಪುಗಾಳಿಗೆ ಮೊದಲು ಹಸಿವಾಗುವುದು
ಕೀಬೋರ್ಡಿನ ಸೆಮಿಕೋಲನ್ ಮೇಲೆ.
ಯಾಕೆಂದು ನನ್ನನ್ನು ಕೇಳಬೇಡಿ.
ಲ್ಯಾಬಿನ ಇಪ್ಪತ್ತೆರಡು ಯಂತ್ರಗಳಲ್ಲಿ ಹದಿನೇಳು ಏಳುತ್ತವೆ,
ಎದ್ದವುಗಳಲ್ಲಿ ಒಂಬತ್ತಕ್ಕೆ ಆ ಒಂದು ಕೀಲಿ
ತುಕ್ಕು ಹಿಡಿದು ಕೂತಿದೆ.
ಹಳೆಯ ಪ್ರೋಗ್ರಾಮಿನಿಂದ ಒಂದು ಸೆಮಿಕೋಲನ್ ಕಡ ತಂದು
ಸಾಲಿನ ಕೊನೆಗೆ ಅಂಟಿಸುತ್ತಾರೆ ಮಕ್ಕಳು,
ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ.

ಮೊದಲ ಸೆಮಿಸ್ಟರ್.
ಸೋಮವಾರ ಸಮಸ್ಯೆ ಬಿಡಿಸುವುದು, ಗುರುವಾರ ವೆಬ್ ಪುಟ.
ನಾನು ಅತಿಥಿ ಉಪನ್ಯಾಸಕಿ. ಏಳು ವರ್ಷದ ಅತಿಥಿ.
ಇಷ್ಟು ದಿನ ಕೂತವಳಿಗೆ ಯಾವ ಮನೆಯಲ್ಲೂ ಚಾ ಕೇಳುವುದಿಲ್ಲ.

ಆದರೂ ಚಾದಿಂದಲೇ ಶುರುಮಾಡುತ್ತೇನೆ:
ಯಂತ್ರಕ್ಕೆ ಏನೂ ಗೊತ್ತಿಲ್ಲ, ಚಾ ಮಾಡು ಅಂದರೆ ಮಾಡುವುದಿಲ್ಲ,
ಪಾತ್ರೆ ಇಡು, ನೀರು ಹಾಕು, ಒಲೆ ಹಚ್ಚು
ಎಂದು ಒಂದೊಂದೇ ಹೇಳಬೇಕು.
ಆಗ್ನೆಲ್ ಕೈ ಎತ್ತಿದ: ‘ಮೇಡಂ, ಗ್ಯಾಸ್ ಖಾಲಿ ಇದ್ರೆ?’
ಅಲ್ಲಿ ಹುಟ್ಟಿತು ‘ಇಫ್’.
ಸಿಲಿಂಡರ್ ಬರುವ ತನಕ ಬಾಗಿಲು ನೋಡುತ್ತಿರುವುದು ಲೂಪು.
ಬಾರದೇ ಹೋದರೆ ಮುಗಿಯದ ಲೂಪು.
ಅದಕ್ಕೆ ನನ್ನ ಸಂಬಳದ ಉದಾಹರಣೆ ನಾಲಿಗೆ ತುದಿಗೆ ಬಂತು,
ನುಂಗಿದೆ.

ದತ್ತಪ್ರಸಾದ ದಪ್ಪಕ್ಷರದ ಟ್ಯಾಗ್ ತೆರೆದವನು
ಮುಚ್ಚಲು ಮರೆತ.
ಅಲ್ಲಿಂದ ಕೆಳಗೆ ಇಡೀ ಪುಟ ಗದರುತ್ತಿತ್ತು.
‘ತೆರೆದದ್ದನ್ನು ಮುಚ್ಚಿ’ ಅಂದೆ.
ಹಿಂದಿನ ಬೆಂಚಿನವನು ಎದ್ದು ಕಿಟಕಿ ಮುಚ್ಚಿದ.

ಕೋಡಿಬಾಗದ ನಿಶ್ಮಿತಾ ತಾಂಡೇಲ
ಎಂಟನೆಯ ಅಭ್ಯಾಸಕ್ಕೆ ಮೀನಿನ ಲೆಕ್ಕ ಬರೆದಳು.
ಬಂಗಡೆ, ತಾರ್ಲೆ, ನೋಗಲಿ: ಮೂರು ವೇರಿಯೇಬಲ್ಲು.
ಬಟನ್ ಒತ್ತಿದರೆ ಮೊತ್ತ.
ಗಂಟೆ ಏಳು ದಾಟಿದರೆ ಬೆಲೆ ಅರ್ಧ.
ಎಲ್ಲ ಸರಿ.
ಮೂವತ್ತೊಂದನೆಯ ಸಾಲಿನಲ್ಲಿ ಮಾತ್ರ
ಗಿರಾಕಿ ಶೇವಂತಿ ಆಗಿದ್ದರೆ
ಬೆಲೆ ಸೊನ್ನೆ.

ಕೆಂಪು ಪೆನ್ನು ತೆಗೆದೆ.
ಹೀಗೆ ಹೆಸರನ್ನೇ ಎತ್ತಿ ಪ್ರೋಗ್ರಾಮಿನೊಳಗೆ ಕೂರಿಸಬಾರದು,
ನಿಯಮ ಎಲ್ಲರಿಗೂ ಒಂದೇ ಇರಬೇಕು,
ನಾಳೆ ಇನ್ನೊಬ್ಬಳು ಶೇವಂತಿ ಬಂದರೆ ಏನು ಮಾಡ್ತೀ?
‘ಬರೂದಿಲ್ಲ ಮೇಡಂ. ಒಬ್ಬಳೇ.
ಅವಳ ಗಂಡ ನಮ್ಮ ದೋಣೀಲೇ ಇದ್ದ.’

‘ಇದ್ದ’ ಎಂಬುದು ನನಗೆ ಕೇಳಿಸಿತು.
ಒಂದು ಅಂಕ ಕಳೆದೆ. ಹತ್ತಕ್ಕೆ ಒಂಬತ್ತು.

ಶನಿವಾರ ಸಂಜೆ ಮೀನುಪೇಟೆ.
ಅದೇ ಗಲ್ಲ, ಅದೇ ಹುಬ್ಬು. ತಾಯಿಯೇ ಇರಬೇಕು.
ಮಗಳ ಮೇಡಂ ಎಂದು ನಾನು ಹೇಳಲಿಲ್ಲ.
ಹತ್ತು ಬಂಗಡೆ ಎಣಿಸಿದಳು, ಬಾಯಲ್ಲೇ ಲೆಕ್ಕ ಹಾಕಿದಳು,
ಹಣ ಸೊಂಟಕ್ಕೆ ಸಿಕ್ಕಿಸಿಕೊಂಡಳು.
ಲೆಕ್ಕ ಮುಗಿದ ಮೇಲೆ,
ಮುಖ ಕೂಡ ನೋಡದೆ,
ಇನ್ನೆರಡು ತೆಗೆದು ಚೀಲಕ್ಕೆ ಒಗೆದಳು.

ಅಂಕೋಲೆಯಲ್ಲಿ ನಮ್ಮಮ್ಮ ಇದಕ್ಕೆ ಕೊಸರು ಅನ್ನುತ್ತಿದ್ದಳು.
ಸ್ಕೂಟಿಯ ಕೊಕ್ಕೆಗೆ ಚೀಲ ತೂಗಿಸಿ,
ಕಾಲ ಮೇಲೆ ಮೀನುನೀರು ಹನಿಸಿಕೊಳ್ಳುತ್ತ,
ಮನೆ ಮುಟ್ಟುವವರೆಗೂ ಹುಡುಕಿದೆ.
ಹತ್ತಕ್ಕೆ ಹಣ, ಚೀಲದಲ್ಲಿ ಹನ್ನೆರಡು.
ಇದು ಯಾವ ಸಾಲು?
ಯಾವ ಷರತ್ತಿಗೆ ನಾನು ಹೌದಾದೆ?

ಸೋಮವಾರ ನಿಶ್ಮಿತಾ ತಿದ್ದಿ ತಂದಳು.
ನಾನು ಹೇಳಿದಂತೆ ಹೆಸರು ಪ್ರೋಗ್ರಾಮಿನಿಂದ ಎದ್ದು
ಬೇರೆ ಕಡತಕ್ಕೆ ಹೋಗಿದೆ.
ತೆರೆದು ನೋಡಿದೆ. ಮೇಲೆ ಶೇವಂತಿ.
ಕೆಳಗೆ ನಾಲ್ಕು ಸಾಲು ಖಾಲಿ.

‘ಇವು ಯಾಕೆ?’
‘ಸಮುದ್ರ ಅಲ್ವಾ ಮೇಡಂ.’

ಅಂಕಪಟ್ಟಿ ಶುಕ್ರವಾರವೇ ಮೇಲೆ ಹೋಗಿತ್ತು.
ಒಂಬತ್ತು ಒಂಬತ್ತಾಗಿಯೇ ಉಳಿಯಿತು.