ಞ ಒತ್ತು

ಬಳೇಪೇಟೆಯಲ್ಲಿ, ಮಹಡಿಯ ಮೇಲೆ ಕಚೇರಿ, ಕೆಳಗೆ ಅಚ್ಚಿನ ಮನೆ,
‘ಇಳಿಹೊತ್ತು’ ದಿನಾ ನಾಲ್ಕೂವರೆಗೆ ಬೀದಿಗೆ ಬೀಳುತ್ತಿದ್ದ ಕಾಲ.
ಸಣ್ಣಕ್ಷರದ ಮೊಳೆಪೆಟ್ಟಿಗೆಯಲ್ಲಿ
ಞ ಒತ್ತು ಉಳಿದದ್ದು ಮೂರೇ ಮೂರು.
ಮಿಕ್ಕವು ಸವೆದು ಸೀಸದ ಮುದ್ದೆಗೆ ಸೇರಿದ್ದವು.
ಹೊಸವು ಮದರಾಸಿನಿಂದ ಬರಬೇಕು,
ಬರಬೇಕು, ಬರಬೇಕು ಎನ್ನುತ್ತಲೇ ಇದ್ದರು.

ಹಾಗಾಗಿ ಒಂದು ಪುಟಕ್ಕೆ ಮೂರು ಆಜ್ಞೆ,
ಇಲ್ಲವೇ ಎರಡು ವಿಜ್ಞಾನ, ಒಂದು ಕೃತಜ್ಞತೆ.
ನಾಲ್ಕನೆಯದು ಬಂತೆಂದರೆ ಕಂಪೋಜಿಟರ್ ಚೌರಪ್ಪ
ಮೆಟ್ಟಿಲ ಬುಡದಿಂದ ಕೂಗುವನು:
“ಅಮ್ಮಾ, ಜ್ಞ ತೀರಿತು, ಬೇರೆ ಪದ ಕೊಡಿ.”
ಕರಡು ತಿದ್ದುವ ನಾನು ಕೊಡುತ್ತಿದ್ದೆ,
ಆಜ್ಞೆಗೆ ಅಪ್ಪಣೆ, ವಿಜ್ಞಾಪನೆಗೆ ಅರಿಕೆ.
ಕನ್ನಡವೇನೂ ಬಡವಾಗಲಿಲ್ಲ.

ಯಜಮಾನರು ಮುದ್ದುವೀರಪ್ಪ. ಮೊದಮೊದಲು
ತೋಳು ಮಡಿಸಿ ತಾವೇ ಗ್ಯಾಲಿ ಹೊರುತ್ತಿದ್ದರು.
ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ ಬೀದಿನಲ್ಲಿ ಒಣಗಿದಾಗ
ಖಾಲಿ ಕೊಡದ ಚಿತ್ರವನ್ನು ಹನ್ನೊಂದು ಸಂಜೆ ಹಾಕಿದರು,
ಅದೇ ಕೊಡ, ಅದೇ ಜಾಗ, ಕೆಳಗೆ ಒಂದಕ್ಷರವಿಲ್ಲ.
ಹನ್ನೆರಡನೆಯ ದಿನ ನೀರು ಬಂತು.
ನೀರಿನ ಹಿಂದೆಯೇ ಹಿತ್ತಿಲ ಬಾಗಿಲಿಂದ ಶಾಸಕರೊಬ್ಬರು ಬಂದರು.
ಕಾಫಿ ತರಿಸಿದರು, ಬೈಟು.
ನಾನು ಕಂಡಂತೆ ಶುರುವಾದದ್ದು ಆ ಅರ್ಧ ಲೋಟದಿಂದ.

ಆಮೇಲೆ ಕರಿ ಫೋನು ಬಂತು,
ಫೋನಿಗೊಂದು ಕೋಣೆ ಬಂತು, ಕೋಣೆಗೆ ಬಾಗಿಲು.
ಯಾರನ್ನು ಎಂಟು ಕಾಲಮ್ಮಿಗೆ ಏರಿಸುವುದು,
ಯಾರನ್ನು ಶ್ರದ್ಧಾಂಜಲಿಯ ಪಕ್ಕ ಮಲಗಿಸುವುದು
ಎಂಬುದೆಲ್ಲ ಬಾಗಿಲಾಚೆ.
ಪುಟ ಕಟ್ಟಿದ ಕೈಗೆ ಸಂಪುಟ ಕಟ್ಟುವುದು ಎಷ್ಟರ ಕೆಲಸ
ಎಂದು ಅವರಿಗೆ ಯಾರೋ ಹೇಳಿರಬೇಕು,
ಅಥವಾ ಯಾರೂ ಹೇಳದೆಯೇ ತೋಚಿರಬೇಕು.

ಒಂದು ಸರ್ಕಾರ ಬಿತ್ತು. “ನಮ್ಮಿಂದಲೇ ಬಿದ್ದದ್ದು” ಎಂದರು.
ಮಿಷನ್ನಿನ ರಂಗಸಾಮಿ ಎಣ್ಣೆ ಬಿಡುತ್ತಾ
“ಸದ್ಯ, ನಮ್ಮ ಮೇಲೆ ಬೀಳಲಿಲ್ಲವಲ್ಲ ಸಾರ್” ಅಂದ.
ಯಾರೂ ನಗಲಿಲ್ಲ.

ಹೊಸ ಮಂತ್ರಿಗಳು ಪ್ರತಿಜ್ಞೆ ಮಾಡಿದ ದಿನ
ಮೊದಲ ಪ್ಯಾರಾದಲ್ಲೇ ಮೂರು ಒತ್ತೂ ಖರ್ಚು.
ಪ್ರಮಾಣ ಎಂದು ತಿದ್ದಲೇ ಎಂದೆ.
ಬಾಗಿಲು ತೆರೆದು ಬಂದು ಯಜಮಾನರು
“ಇವತ್ತು ಪ್ರತಿಜ್ಞೆಯೇ ಇರಲಿ” ಎಂದರು.
ಅಂದೇ ಅಂಚೆಯಲ್ಲಿ, ಕಾಟನ್‌ಪೇಟೆಯ ಕೆಂಪಲಿಂಗಮ್ಮನ ಕಾಗದ,
ಯಾರದೋ ಶಾಲೆಮಗುವಿನ ಕೈಬರಹ:
ತಮ್ಮಲ್ಲಿ ವಿಜ್ಞಾಪನೆ, ನಲ್ಲಿ ಮತ್ತೆ ಒಣಗಿದೆ.
ಅರಿಕೆ ಎಂದು ತಿದ್ದಿಟ್ಟೆ.
ಒತ್ತು ಬೇಕಿರಲಿಲ್ಲ ಆಗ, ಜಾಗ ಬೇಕಿತ್ತು.
ಜಾಗದಲ್ಲಿ ಒಂದು ಅಭಿನಂದನೆ ಕೂತಿತ್ತು, ಹಾರದ ಸಮೇತ.

ಮುಂದಿನ ವರ್ಷ, ಮಧ್ಯಾಹ್ನ ಎರಡಕ್ಕೆ,
ವಿಧಾನ ಪರಿಷತ್ತಿಗೆ ನಾಮಕರಣಗೊಂಡವರ ಪಟ್ಟಿ ಬಂತು.
ಕರಡಿನಲ್ಲಿ ಒಂದು ಹೆಸರು ಬಿಟ್ಟುಹೋದಂತಿತ್ತು.
ನಮ್ಮವರ ತಪ್ಪೇ ಎಂದು ಮೂಲಪ್ರತಿಯಿಟ್ಟು
ಬೆರಳು ಹಿಡಿದು ಮೂರು ಸಲ ಓದಿದೆ.
ಮೂಲದಲ್ಲೇ ಇರಲಿಲ್ಲ.

ಯಜಮಾನರು ನನ್ನ ಬೆನ್ನ ಹಿಂದೆ ನಿಂತಿದ್ದರು.
ಎಷ್ಟು ಹೊತ್ತಿನಿಂದಲೋ.
ಕೆಂಪು ಪೆನ್ಸಿಲು ತೆಗೆದುಕೊಂಡರು, ತುದಿ ನೋಡಿದರು, ಇಟ್ಟರು.
ಸ್ಟೂಲು ಎಳೆದು ಕೂತು,
ಶರಟಿನ ತೋಳು ಮಡಿಸತೊಡಗಿ, ಒಂದೇ ತೋಳಿಗೆ ನಿಲ್ಲಿಸಿ,
“ಆ ನಲ್ಲಿಯ ಕಾಗದ ಇದೆಯೇ?” ಎಂದರು.

ಇತ್ತು. ಲೋಟದ ಗುಂಡು ಕಲೆ ಬಿದ್ದಿತ್ತು ಅದರ ಮೇಲೆ.
ನಾನು ತಿದ್ದಿದ್ದನ್ನು ಹೊಡೆದುಹಾಕಿ
“ವಿಜ್ಞಾಪನೆಯೇ ಇರಲಿ, ಅವರು ಬರೆದ ಹಾಗೆ” ಎಂದರು.
ಮರುದಿನ ಬಂತು, ಮೊದಲ ಪುಟ, ಖಾಲಿ ಕೊಡ.
ಅದರ ಮರುದಿನವೂ.
ನಲ್ಲಿಗಾಗಿಯೋ ಪಟ್ಟಿಗಾಗಿಯೋ, ನಾನು ಕೇಳಲಿಲ್ಲ.
ಪೈಪಿನಲ್ಲಿ ಬರುವ ನೀರೂ ಕೇಳುವುದಿಲ್ಲ:
ಒಂಬತ್ತನೆಯ ದಿನ ಬಂತು.

ಹತ್ತನೆಯ ದಿನ ಹಿತ್ತಿಲ ಬಾಗಿಲು ಕಿರ್ರೆಂದಿತು.
ಬೈಟು ಕಾಫಿ ಒಳಗೆ ಹೋಯಿತು,
ಕೋಣೆಯ ಅಗುಳಿ ಬಿದ್ದ ಸದ್ದು.
ಕೆಳಗಿಂದ ಚೌರಪ್ಪ ಕೂಗಿದ:
“ಅಮ್ಮಾ, ಇವತ್ತು ಜ್ಞ ಎಷ್ಟು ಬೇಕಾದೀತು?”