ಬಿಳಿ ಹಿನ್ನೆಲೆ

ಕಾರವಾರದ ಮೀನುಪೇಟೆಯ ಹಿಂದಿನ ಓಣಿ.
ಪುರ್ಸು ಮಾಮನ ಸ್ಟುಡಿಯೋದಲ್ಲಿ ಒಂದು ಸರೋವರವಿತ್ತು.
ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ,
ಕೆಳಗೆ ಬಿದಿರಿನ ದಬ್ಬೆ, ಮೇಲೆ ಎರಡು ರಾಟೆ.

ಬರೆದವನು ಶಾಬು. ಟ್ರಾಲರುಗಳ ಮೂತಿಗೆ
ಹೆಸರು, ಕಣ್ಣು, ನಂಬರು ಬರೆಯುವವನು.
ಗುಡ್ಡದ ಮೇಲಿನ ಕೆರೆ ಕಂಡವನಲ್ಲ;
ಮಿಕ್ಕ ದೋಣಿಬಣ್ಣದಲ್ಲೇ ನೀರು ಬಳಿದ.
ಮಳೆಗಾಲಕ್ಕೆ ಗೋಡೆಯೆಲ್ಲ ಬೂಸಲು ಹಿಡಿದರೂ
ಆ ನೀರಿಗೆ ಮಾತ್ರ ಏನೂ ಆಗಲಿಲ್ಲ.
ಹಿಮದ ಬೆಟ್ಟ ಮೂರು, ಬಾತಿನಂಥ ಹಂಸ ಎರಡು,
ಮೂಲೆಯಲ್ಲೊಂದು ತೆಂಗು. ಅದನ್ನು ಬಿಡಲಾಗಲಿಲ್ಲ ಅವನಿಗೆ.

ಬೈತಖೋಲದ ಹುಡುಗಿಯರು ಅದರ ದಂಡೆಯಲ್ಲಿ ನಿಂತೇ
ಗಂಡಿನ ಮನೆಗಳಿಗೆ ಲಕೋಟೆಯಲ್ಲಿ ಹೋದರು.
ಕೋಡಿಬಾಗದ ಒಬ್ಬ ಮುದುಕಿ
ಒದ್ದೆಯಾದೀತೆಂದು ಚಪ್ಪಲಿ ಕಳಚಿಟ್ಟಳು;
ಸೀರೆಯ ನಿರಿಗೆ ಕೊಂಚ ಎತ್ತಿಯೇ ಬಂದಿದೆ ಫೋಟೋದಲ್ಲಿ.

ಆಮೇಲೆ ಎಲ್ಲರಿಗೂ ಬಿಳಿ ಬೇಕಾಯಿತು.
ಹಡಗಿಗೆ ಹೋಗುವವರಿಗೆ ಬಿಳಿ, ಪರೀಕ್ಷೆಗೆ ಬಿಳಿ,
ರೇಶನ್ನಿಗೆ, ಬ್ಯಾಂಕಿಗೆ.
ದಿನಕ್ಕೆ ಹತ್ತು ಸಲ ಹಗ್ಗ ಎಳೆದು
ಸರೋವರವನ್ನು ಸುತ್ತಿ ಮೇಲೇರಿಸುತ್ತಿದ್ದೆ ನಾನು.
ಒಂದು ದಿನ ಇಳಿಸುವ ಕೆಲಸ ಬೀಳಲಿಲ್ಲ.
ಮರುದಿನವೂ.
ಈಗಲೂ ಅಲ್ಲೇ ಇದೆ, ಜಂತಿಯ ಕೆಳಗೆ.
ಒಳಗೆ ಹಲ್ಲಿ ಮೊಟ್ಟೆಯಿಟ್ಟಿದೆ.

ಮಾಮನ ಕಣ್ಣಿಗೆ ಪೊರೆ ಬಂದು
ಕ್ಯಾಮೆರಾ ನನ್ನ ಕೈಗೆ ಬಂದ ವರ್ಷ
ಅಣಶಿ ಘಟ್ಟ ಹತ್ತಿ ಗಣೇಶಗುಡಿಗೆ ಹೋದೆ.
ಸೂಪಾದ ಹಿನ್ನೀರು.
ನಿಜವಾದ್ದೊಂದನ್ನು ತೆಗೆಯಬೇಕೆಂದು. ಮಾಮನಿಗೆ ಹೇಳಲಿಲ್ಲ.

ಬೆಳಗಿನ ಐದೂವರೆ. ಟ್ರೈಪಾಡ್ ನೆಟ್ಟೆ.
ನೀರಿಲ್ಲ. ಗುಡ್ಡವಿಲ್ಲ. ಮಂಜು.
ಆರು. ಆರೂವರೆ.
ಲೆನ್ಸಿನ ಮೇಲೆ ಕೂತ ಹನಿಯನ್ನು ಓಢಣಿಯ ತುದಿಯಲ್ಲಿ ಒರೆಸುತ್ತ
ಏಳು.
ಎಲ್ಲೋ ಒಂದು ಮೀನು ಹಾರಿ ಬಿತ್ತು;
ಕೆರೆ ಇದೆಯೆನ್ನಲು ಅದೊಂದೇ ಸಾಕ್ಷಿ.

ಅದರೊಳಗಿಂದಲೇ ಬಂದ, ಹೆಗಲಿಗೆ ಬಲೆ ಹಾಕಿಕೊಂಡು.
‘ಯಾರ ಫೋಟೋ, ಬಾಯೆ?’
‘ಯಾರದೂ ಅಲ್ಲ. ನೀರಿನದು.’
‘ನೀರು ದುಡ್ಡು ಕೊಡ್ತದಾ?’

ಭೀವಾ ವೇಳಿಪ. ನನ್ನನ್ನು ನೋಡಿದ,
ತಿರುಗಿ ತನ್ನ ಬೆನ್ನ ಹಿಂದೆ ನೋಡಿದ.
‘ಪಿಂಚಣಿಗೆ ಹಿಂದೆಲ್ಲ ಬಿಳಿ ಇರಬೇಕಂತೆ.
ಜೋಯಿಡಾಕ್ಕೆ ಹೋದರೆ ಒಂದು ದಿನ ಹಾಳು.
ಇದು ನಡೀತದಲ್ಲ?’
ಹೆಬ್ಬೆರಳಿಂದ ತೋರಿಸಿದ: ಗುಡ್ಡಗಳಿರಬೇಕಾದ ಕಡೆ,
ನಾನು ಎರಡು ಬಸ್ಸು ಹತ್ತಿ ನೋಡಬಂದ ಕಡೆ,
ನೀರು ಬರುವ ಮೊದಲು ಅವನ ಎತ್ತು ಮೇಯುತ್ತಿದ್ದ ಕಡೆ.
(ಎತ್ತಿನ ವಿಷಯ ಆಮೇಲೆ ಹೇಳಿದ, ಚಹಾ ಕುಡಿಯುವಾಗ.)

ಬಲೆ ಇಳಿಸಿದ. ಕೊರಳ ಗುಂಡಿ ಹಾಕಹೋದ,
ಗುಂಡಿಯಿರಲಿಲ್ಲ, ಎರಡು ಬೆರಳಲ್ಲಿ ಅಂಗಿ ಕೂಡಿಸಿ ಹಿಡಿದ.
ಇಡೀ ಕಣಿವೆ ತುಂಬಿಸಲೆಂದು ತಂದ ಲೆನ್ಸು;
ಅವನೇ ಹತ್ತಿರ ಬಂದ, ಎರಡು ಹೆಜ್ಜೆ, ಇನ್ನೆರಡು.
‘ಗದ್ದ ಸ್ವಲ್ಪ ಕೆಳಗೆ. ಎರಡೂ ಕಿವಿ ಕಾಣಬೇಕು.’
ಅವನು ಉಸಿರು ಹಿಡಿದ.
ನಾನೂ.

‘ಎಂಟು ಪ್ರತಿ. ದಾಂಡೇಲಿ ಬಸ್ಸಿನ
ಕಂಡಕ್ಟರ ಕೈಯಲ್ಲಿ ಕೊಟ್ಟರಾಯಿತು.’

ಅವನು ಹೋದ ಮೇಲೆ, ಎಂಟಕ್ಕೆ, ಕೆರೆ ಇಳಿದುಬಂತು.
ಯಾರೋ ಹಗ್ಗ ಬಿಟ್ಟ ಹಾಗೆ, ಮೊದಲು ಗುಡ್ಡದ ನೆತ್ತಿ,
ಆಮೇಲೆ ಶಾಬುವಿನ ಡಬ್ಬಿಯಲ್ಲಿರದ ಹಸಿರು,
ಕಟ್ಟಕಡೆಗೆ ನೀರು, ನೀರಿನಲ್ಲಿ ನಿಂತೇ ಸತ್ತ ಮರಗಳು.
ನಲವತ್ತಾರು ಫೋಟೋ ಹೊಡೆದೆ.
ಒಳ್ಳೆಯವೇ ಬಂದಿವೆ. ಆದರೆ ಒಂದರಲ್ಲೂ
ಯಾರಿಗೂ ನಿಲ್ಲಲು ಜಾಗವಿಲ್ಲ.

ಮಾಮ ಆ ಎಂಟರ ಹಾಳೆಯನ್ನು ಮೂಗಿಗೆ ತಾಗಿಸಿ ನೋಡಿದ.
‘ಗೋಡೆ ಚೆನ್ನಾಗಿದೆ. ಎಲ್ಲಿಯದು?’
ನಾನು ಕತ್ತರಿ ಹುಡುಕುತ್ತಿದ್ದೆ.
‘ಎಡಗಿವಿಯ ಹತ್ತಿರ ಏನೋ ಗೀರು. ಕೂದಲಿನಷ್ಟು. ಒರೆಸಿಬಿಡು.’
ಪೊರೆಯ ಕಣ್ಣಿಗೆ ಅದು ಹೇಗೆ ಕಂಡಿತೋ.

ಮರದ ತುದಿ ಅದು.
ಏಳರಲ್ಲಿ ಒರೆಸಿದೆ.