ಗೇಟು ಬಿದ್ದಾಗ

ನಾಲ್ಕೂವರೆಗೆ ಶಾಲೆ ಬಿಟ್ಟರೆ
ನನ್ನ ಆಟೋದಲ್ಲಿ ಏಳು ಮಕ್ಕಳು, ಒಂದು ಜೊತೆ ತಬಲಾ,
ಎರಡು ಕರಾಟೆ ಬೆಲ್ಟು, ಸುರುಳಿ ಸುತ್ತಿದ ಚೆಸ್ ಹಾಸು,
ಬಣ್ಣದ ಡಬ್ಬಿ. ಅದರ ಮುಚ್ಚಳ ಯಾವಾಗಲೂ ಸಡಿಲ,
ಸೀಟಿನ ಮೇಲೆ ಹಸಿರು ಕಲೆ ಇನ್ನೂ ಇದೆ, ಬಂದು ನೋಡಿ.

ಸೋಮವಾರ ಈಜು, ಬುಧವಾರ ಕೀಬೋರ್ಡು,
ಗುರುವಾರ ಅದೇನೋ ಬೆರಳಲ್ಲೇ ಲೆಕ್ಕ ಮಾಡುವ ವಿದ್ಯೆ.
ತಾಯಂದಿರು ಬಾಗಿಲಲ್ಲಿ ನಿಂತು ಹೇಳುತ್ತಾರೆ:
"ಯಾವುದ್ರಾಗೆ ಕೈ ಹತ್ತುತ್ತೋ ನೋಡಾಣ, ದಾದಾಪೀರಣ್ಣ."
ನಾನೂ ನೋಡುತ್ತೇನೆ, ಕನ್ನಡಿಯಲ್ಲಿ.

ಕನ್ನಡಿ ಅಷ್ಟೇನೂ ದೊಡ್ಡದಲ್ಲ.
ಆದರೂ ಗೊತ್ತಾಗುತ್ತದೆ.
ಕ್ಲಾಸಿಗೆ ಹೋಗುವಾಗಲ್ಲ, ಮುಗಿಸಿ ಬರುವಾಗಲೂ ಅಲ್ಲ,
ನಡುವೆ, ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ.

ಎಂಜಿನ್ ಆರಿಸುತ್ತೇನೆ, ಗ್ಯಾಸೇನು ಪುಕ್ಕಟೆ ಬರುತ್ತದೆಯೇ?
ಹೊಗೆ, ಹಾರ್ನು, ಬಂಡಿಯಿಂದ ಮಿರ್ಚಿಯ ಘಾಟು.
ಹತ್ತು ನಿಮಿಷ
ಯಾರೂ ಯಾರಿಗೂ ಏನೂ ಕಲಿಸುವುದಿಲ್ಲ.

ಮರುಳಸಿದ್ದ ಇಳಿದು ಬೀದಿನಾಯಿಯ ಕಾಲೆತ್ತಿ ನೋಡುತ್ತಾನೆ,
ಮುಳ್ಳು ಕಿತ್ತು ನನಗೆ ತೋರಿಸುತ್ತಾನೆ, ಬಂಗಾರ ಸಿಕ್ಕವನ ಹಾಗೆ.
ತಬಲಾ ಅವನದೇ. ಮೇಷ್ಟ್ರು ಹೇಳಿದ್ದಾರೆ:
ಇವನು ಬಾರಿಸಲ್ಲ, ರೊಟ್ಟಿ ಬಡೀತಾನೆ.

ಬಾರಿಸುವವಳು ನೂತನ, ಕರಾಟೆಯವಳು.
ಗೂಡ್ಸಿನ ಗಾಲಿ ಹಳಿಯ ಸಂದು ದಾಟುವಾಗ
ಸೀಟಿನ ಮುಂದಿನ ಸರಳಿನ ಮೇಲೆ ಅವಳ ಬೆರಳು
ತಡಕ್ ತಡಕ್, ತಡಕ್ ತಡಕ್.
ಕೊನೆಯ ಡಬ್ಬಿ ಹೋದ ಮೇಲೂ
ಅವಳೊಳಗೆ ರೈಲು ಹೋಗುತ್ತಲೇ ಇರುತ್ತದೆ.

ಇನ್ನು ತಿಪ್ಪೇಶ. ಮೂರು ವರ್ಷದಲ್ಲಿ ಎಂಟು ಕ್ಲಾಸು ಬಿಟ್ಟವನು.
"ಯಾವುದ್ರಾಗೂ ನಿಲ್ಲಲ್ಲ ನಮ್ಮುಡುಗ" ಎಂದು ಅವರಮ್ಮ
ನನ್ನ ಬಾಡಿಗೆ ಎಣಿಸುತ್ತ ಒಮ್ಮೆ ಅತ್ತರು.
ನಿಲ್ಲುತ್ತಾನಮ್ಮ. ಇಲ್ಲಿ ನಿಲ್ಲುತ್ತಾನೆ,
ಮಂಡಕ್ಕಿ ಬಂಡಿಯ ಚಮನಬಿ ಈರುಳ್ಳಿ ಹೆಚ್ಚುವುದನ್ನು
ಕಣ್ಣಲ್ಲಿ ನೀರು ಸುರಿದರೂ ರೆಪ್ಪೆ ಮಿಟುಕಿಸದೆ ನೋಡುತ್ತ.
ಒಂದು ಸಂಜೆ ಅವಳು ಬೋಗುಣಿಯನ್ನು ಅವನತ್ತ ಸರಿಸಿದಳು.
ಎಣ್ಣೆ, ಖಾರ, ಹುರಿಗಡಲೆ ಪುಡಿ, ಕೊನೆಗೆ ಕೊತ್ತಂಬರಿ,
ಹುಡುಗ ತಪ್ಪಲಿಲ್ಲ. ಒಂದು ಹಿಡಿ ಬಾಯಿಗೆ ಹಾಕಿಕೊಂಡು
ಎತ್ತಲೋ ನೋಡಿ, "ನಿಂಬೆಹಣ್ಣು ಕಮ್ಮಿ ಐತಿ" ಅಂದ.
ಇಪ್ಪತ್ತು ವರ್ಷದಿಂದ ಬಂಡಿ ಹಾಕಿದವಳು ಚಮನಬಿ.
ತಿಂದು ನೋಡಿದಳು.
ಹಿಂಡಿದಳು.

ಇದನ್ನು ಅವರಮ್ಮನಿಗೆ ಇನ್ನೂ ಹೇಳಿಲ್ಲ.
ಬಾಡಿಗೆ ತಪ್ಪೀತು ಅಂತಲೂ ಇರಬಹುದು, ಸುಳ್ಳು ಯಾಕೆ.

ನನ್ನನ್ನು ಯಾರೂ ಯಾವುದಕ್ಕೂ ಹಾಕಲಿಲ್ಲ.
ಅಪ್ಪ ಮಿಲ್ಲಿನ ಸೈರನ್ನಿಗೆ ಎದ್ದು ಹೋಗುತ್ತಿದ್ದ.
ನಾನು ಸೈಕಲ್ ರಿಮ್ಮನ್ನು ಬೆರಳ ಮೇಲೆ ತಿರುಗಿಸಿ
ಎಲ್ಲಿ ಸೊಟ್ಟಗಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ.
ಅದಕ್ಕೆ ಏನು ಹೆಸರೋ, ಯಾವ ವಾರವೋ.

ಇಲ್ಲಿ ಅಂಡರ್‌ಪಾಸ್ ಮಾಡುತ್ತಾರಂತೆ.
ಮಾಡಲಿ, ಒಳ್ಳೆಯದೇ.
ಆಮೇಲೆ ಎಲ್ಲರೂ ಹೊತ್ತಿಗೆ ಸರಿಯಾಗಿ ಕ್ಲಾಸು ಮುಟ್ಟುತ್ತಾರೆ.

ಗೇಟು ಎದ್ದಿತು. ಹಿಂದಿನವರಿಗೆ ತಾಳ್ಮೆಯಿಲ್ಲ.
ಮರುಳಸಿದ್ದಾ, ನಾಯಿ ಬಿಡು. ತಿಪ್ಪೇಶಾ, ಕೈ ಒರೆಸಿಕೊಂಡು ಹತ್ತು.
ನೂತನಾ...
ಇರಲಿ, ನೀನು ಬಾರಿಸು.